ಮಗ್ಗದ ಊರಿನಿಂದ ಟಾಟಾ ಇನ್‌ಸ್ಟಿಟ್ಯೂಟಿಗೆ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಅರ್ಧ ಮನೆ, ಅರ್ಧ ಮಗ್ಗ. ನಡುಮನೆ ದಾಟಿದರೆ ಎರಡು ವಿದ್ಯುತ್ ಮಗ್ಗಗಳು, ಅವುಗಳ ತಲೆಯ ಮೇಲೆ ಜಕಾರ್ಡ್, ಜಕಾರ್ಡಿನಿಂದ ತೋರಣದ ಹಾಗೆ ಇಳಿಬಿದ್ದ ರಟ್ಟುಗಳ ಸರ. ಒಂದೊಂದು ರಟ್ಟು ಸೀರೆಯ ಒಂದೊಂದು ಹೊಕ್ಕಿಗೆ. ರಟ್ಟಿನಲ್ಲಿ ತೂತು ಇದ್ದ ಕಡೆ ಸೂಜಿ ಒಳಗೆ ನುಗ್ಗುತ್ತದೆ, ಹಾಸಿನ ಎಳೆ ಮೇಲೇಳುತ್ತದೆ. ತೂತಿಲ್ಲದ ಕಡೆ ಎಳೆ ಮಲಗಿಯೇ ಇರುತ್ತದೆ. ನಡುವಿನ ಸಂದಿನಲ್ಲಿ ಲಾಳಿ ಓಡುತ್ತದೆ. ಅಂಚಿನ ನವಿಲು, ಸೆರಗಿನ ಮಾವಿನಕಾಯಿ, ಒಡಲಿನ ಬುಟ್ಟ ಎಲ್ಲವೂ ಹುಟ್ಟುವುದು ಈ ತೂತುಗಳಿಂದ. ಶಾಲೆ ಬಿಟ್ಟು ಬಂದಮೇಲೆ ಕಂಡಿಕೆ ಸುತ್ತುವುದು, ಹರಿದ ರಟ್ಟಿಗೆ ಕಾಗದ ಅಂಟಿಸುವುದು, ದಾರ ಕಿತ್ತ ರಟ್ಟುಗಳನ್ನು ಮತ್ತೆ ಹೊಲಿಯುವುದು ನನ್ನ ಕೆಲಸ. ಒಮ್ಮೆ ಎರಡು ರಟ್ಟುಗಳನ್ನು ಹಿಂದುಮುಂದಾಗಿ ಹೊಲಿದುಬಿಟ್ಟೆ. ಅಂಚಿನುದ್ದಕ್ಕೂ ಪ್ರತಿ ನವಿಲಿನ ಕತ್ತೂ ಒಂದೇ ಜಾಗದಲ್ಲಿ ಮುರಿದಿತ್ತು. ಅಪ್ಪ ಬೈಯಲಿಲ್ಲ. ರಟ್ಟು ಎಣಿಸಿ, ತಪ್ಪಿದ ಜೋಡಿಯನ್ನು ಹುಡುಕಿ ತೋರಿಸಿದರು. "ಮಗ್ಗ ತಪ್ಪು ಮಾಡಕಿಲ್ಲ ಕಣೋ, ನಾವು ಹೊಲ್ದಂಗೆ ಅದು ನೇಯ್ತದೆ" ಅಂದರು.

ಆ ಮಾತಿನ ಪೂರ್ತಿ ಅರ್ಥ ತಿಳಿದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ಸೈನ್ಸ್ ಅಂಡ್ ಆಟೊಮೇಷನ್ ವಿಭಾಗಕ್ಕೆ ಎಂ.ಇ. ಓದಲು ಬಂದಮೇಲೆ. ಲಿಯಾನಿನ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ಮಗ್ಗಕ್ಕೆ ಹಚ್ಚಿದ ತೂತಿನ ರಟ್ಟನ್ನು ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎರವಲು ತಂದ. ಹರ್ಮನ್ ಹೊಲೆರಿತ್ 1890ರ ಅಮೆರಿಕದ ಜನಗಣತಿಯನ್ನು ತೂತಿನ ಕಾರ್ಡುಗಳಲ್ಲೇ ಎಣಿಸಿದ. ಆ ಕಾರ್ಡುಗಳ ವಂಶವೇ ಐಬಿಎಂ ಯಂತ್ರಗಳವರೆಗೂ ಬಂತು. ಪುಸ್ತಕದಲ್ಲಿ ಇದನ್ನು ಓದಿದ ರಾತ್ರಿ ಹಾಸ್ಟೆಲಿನಲ್ಲಿ ನನಗೆ ನಿದ್ದೆ ಬರಲಿಲ್ಲ. ಪ್ರೋಗ್ರಾಮು ಎಂದು ನಾನು ಕಲಿಯಲು ಬಂದದ್ದನ್ನು ಅಪ್ಪ ನನ್ನ ಎಂಟನೆಯ ವಯಸ್ಸಿಗೇ ಕೈಗೆ ಕೊಟ್ಟಿದ್ದರು.

ವಿಭಾಗ ಈಗ ಹಳೆಯ ವಿದ್ಯಾರ್ಥಿಗಳನ್ನು ಮತ್ತೆ ಕರೆದಿದೆ. ಬನ್ನಿ, ಲ್ಯಾಬುಗಳ ಬಾಗಿಲು ತೆರೆದಿದೆ, ಇಲ್ಲಿ ಏನು ಸಂಶೋಧನೆ ನಡೆಯುತ್ತಿದೆಯೋ ಕೂತು ನೋಡಿ ಎನ್ನುವುದು ಈ ಸಲದ ಕರೆ. ಅದಕ್ಕೆ ಓಗೊಡುವವರ ಪರವಾಗಿ ವಿಭಾಗದ ಕತೆಯನ್ನು ಮಗ್ಗದ ಮನೆಯಿಂದ ಬಂದವನೊಬ್ಬ ಕಂಡ ಹಾಗೆ ಬರೆಯುತ್ತಿದ್ದೇನೆ.

ಬೆಂಗಳೂರಿನ ಆಟೋದವರಿಗೂ ಬಸ್ಸಿನ ಕಂಡಕ್ಟರುಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಜಮ್‌ಷೆಟ್‌ಜಿ ಟಾಟಾ ಕಂಡ ಕನಸಿಗೆ ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಸಂಸ್ಥೆ ಹುಟ್ಟಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಕಂಪ್ಯೂಟರಿನ ಬೀಜ ಇಲ್ಲಿ ಬಿದ್ದದ್ದು ವಿಭಾಗ ಹುಟ್ಟುವುದಕ್ಕೆ ಎಷ್ಟೋ ಮುಂಚೆ. ಐವತ್ತರ ದಶಕದಲ್ಲಿ ವಿಸ್ಕಾನ್ಸಿನ್ನಿನಿಂದ ಬಂದಿದ್ದ ಪ್ರೊಫೆಸರ್ ವಿನ್ಸೆಂಟ್ ರೈಡೌಟ್ ಅವರ ಜೊತೆ ಇಲ್ಲಿ ಒಂದು ಅನಲಾಗ್ ಕಂಪ್ಯೂಟರ್ ಎದ್ದು ನಿಂತಿತು. ಅಂಕಿಗಳ ಬದಲು ವೋಲ್ಟೇಜುಗಳಲ್ಲಿ ಲೆಕ್ಕ ಮಾಡುವ ಯಂತ್ರ ಅದು. ಅದರಲ್ಲಿ ಕೈ ಪಳಗಿಸಿಕೊಂಡ ತರುಣ ವೈದ್ಯೇಶ್ವರನ್ ರಾಜಾರಾಮನ್ ಮುಂದೆ ವಿಸ್ಕಾನ್ಸಿನ್ನಿನಲ್ಲಿ ಪಿಎಚ್.ಡಿ. ಮುಗಿಸಿ, ಐಐಟಿ ಕಾನ್ಪುರದಲ್ಲಿ ದೇಶದ ಕಂಪ್ಯೂಟರ್ ಶಿಕ್ಷಣಕ್ಕೆ ಅಡಿಪಾಯ ಹಾಕಿ, 1982ರಲ್ಲಿ ಇದೇ ಆವರಣಕ್ಕೆ ಮರಳಿದರು. ಸೂಪರ್ ಕಂಪ್ಯೂಟರ್ ಕೇಂದ್ರವನ್ನು ಕಟ್ಟಿದರು. ಅವರ ಫೋರ್ಟ್ರಾನ್ ಪುಸ್ತಕವನ್ನು ಮುಟ್ಟದೆ ಕಂಪ್ಯೂಟರ್ ಕಲಿತವರು ನಮ್ಮ ತಲೆಮಾರಿನಲ್ಲಿ ವಿರಳ.

1969ರಲ್ಲಿ ಸತೀಶ್ ಧವನ್ ನಿರ್ದೇಶಕರಾಗಿದ್ದಾಗ ಸ್ಕೂಲ್ ಆಫ್ ಆಟೊಮೇಷನ್ ಆರಂಭವಾಯಿತು. ಆ ಹೆಸರನ್ನು ಗಮನಿಸಬೇಕು. ಕಂಪ್ಯೂಟರ್ ಎಂಬ ಪದ ಅದರಲ್ಲಿ ಇರಲಿಲ್ಲ, ಸ್ವಯಂಚಾಲನೆ ಇತ್ತು. ಅಂದಿನ ಬೆಂಗಳೂರನ್ನು ನೆನೆದರೆ ಕಾರಣ ತಾನೇ ತಿಳಿಯುತ್ತದೆ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಎಂದು ಊರಿನ ಸುತ್ತ ಕಾರ್ಖಾನೆಗಳು ಎದ್ದಿದ್ದವು. ಬೆಳಿಗ್ಗೆ ಅವುಗಳ ಸೈರನ್ನಿಗೆ ನಗರ ಎಚ್ಚರವಾಗುತ್ತಿತ್ತು. ಯಂತ್ರವನ್ನು ಹದ್ದುಬಸ್ತಿನಲ್ಲಿ ಇಡುವುದು ಹೇಗೆ, ಹದ ತಪ್ಪಿದಾಗ ಅದು ತಾನೇ ತಿದ್ದಿಕೊಳ್ಳುವಂತೆ ಮಾಡುವುದು ಹೇಗೆ, ಹತ್ತು ಯಂತ್ರಗಳು ಒಂದಕ್ಕೊಂದು ಕಾಯುತ್ತ ನಿಲ್ಲದ ಹಾಗೆ ಕೆಲಸ ಹಂಚುವುದು ಹೇಗೆ ಎಂಬುವು ಆಗಿನ ಪ್ರಶ್ನೆಗಳು. ಐ.ಜಿ. ಶರ್ಮ, ವಿ.ವಿ.ಎಸ್. ಶರ್ಮ, ಎನ್. ವಿಶ್ವನಾಥಂ ಅಂಥವರ ಪಾಠಗಳು ಈ ನೆಲದ ಮೇಲೆಯೇ ನಿಂತಿದ್ದವು. ವಿಶ್ವನಾಥಂ ಅವರ ಶಿಷ್ಯ ವೈ. ನರಹರಿ 1988ರಲ್ಲಿ ಪಿಎಚ್.ಡಿ. ಪಡೆದದ್ದು ಕಾರ್ಖಾನೆಯ ಸ್ವಯಂಚಾಲಿತ ವ್ಯವಸ್ಥೆಗಳನ್ನು ಪೆಟ್ರಿ ನೆಟ್ ಎಂಬ ಗಣಿತದ ಚಿತ್ರಗಳಲ್ಲಿ ಹಿಡಿದು. 1992ರಲ್ಲಿ ಇಬ್ಬರೂ ಸೇರಿ ಅದರ ಮೇಲೆ ಪುಸ್ತಕ ತಂದರು. ಮುಂದೆ ವಿಭಾಗದ ಹೆಸರಿಗೆ ಕಂಪ್ಯೂಟರ್ ಸೈನ್ಸ್ ಸೇರಿತು, ಆಟೊಮೇಷನ್ ಮಾತ್ರ ಹೋಗಲಿಲ್ಲ. ಹೊಸಬರು ಈ ಹೆಸರು ಯಾಕಿಷ್ಟು ಹಳೆಯದು ಎಂದು ಕೇಳುತ್ತಾರೆ. ಅದು ಹಾಗೇ ಉಳಿಯಬೇಕು ಎನ್ನುವವರ ಪೈಕಿ ನಾನೂ ಒಬ್ಬ. ವಿಭಾಗದ ಬೇರು ದುಡಿಯುವ ಯಂತ್ರದಲ್ಲಿದೆ ಎಂಬುದನ್ನು ಆ ಪದ ನೆನಪಿಸುತ್ತಲೇ ಇರುತ್ತದೆ.

ಎಪ್ಪತ್ತರ ದಶಕದ ಕ್ಯಾಂಪಸ್ಸಿನಲ್ಲಿ ಕಂಪ್ಯೂಟರ್ ಎಂದರೆ ಐಬಿಎಂ 360/44. ಪ್ರೋಗ್ರಾಮನ್ನು ಕಾರ್ಡುಗಳ ಮೇಲೆ ತೂತು ಹೊಡೆಸಿ, ಕಟ್ಟು ಕಟ್ಟಿ ಕೊಟ್ಟು, ಫಲಿತಾಂಶಕ್ಕೆ ಕಾಯಬೇಕು. ಒಂದು ಕಾರ್ಡು ಹಿಂದುಮುಂದಾದರೆ ಮತ್ತೆ ಮೊದಲಿನಿಂದ. ಆ ಕಾಲದ ಹಿರಿಯರು ಇದನ್ನು ಹೇಳುವಾಗಲೆಲ್ಲ ನನ್ನ ಕಣ್ಣ ಮುಂದೆ ಕತ್ತು ಮುರಿದ ನವಿಲು ಬರುತ್ತದೆ.

ಆ ದಶಕದಲ್ಲೇ ಇಲ್ಲಿಗೆ ಬಂದವರು ಪ್ರೀತಿ ಶಂಕರ್. ದೆಹಲಿ ಐಐಟಿಯಲ್ಲಿ ಬಿ.ಟೆಕ್., ಮೇರಿಲ್ಯಾಂಡಿನಲ್ಲಿ ಪಿಎಚ್.ಡಿ. ಮುಗಿಸಿ ಬಂದ ಅವರು ದಶಕಗಳ ಕಾಲ ಆಟೊಮೇಟಾ ಸಿದ್ಧಾಂತವನ್ನು, ಕಂಪೈಲರುಗಳನ್ನು ಕಲಿಸಿದರು. ಕಂಪೈಲರ್ ಎಂದರೆ ಮನುಷ್ಯ ಬರೆದದ್ದನ್ನು ಯಂತ್ರದ ಆದೇಶಗಳಾಗಿ ಇಳಿಸುವ ಪ್ರೋಗ್ರಾಮು. ಒಂದೇ ವಾಕ್ಯವನ್ನು ಯಂತ್ರದ ಆದೇಶಗಳಿಗೆ ಹತ್ತಾರು ಬಗೆಯಲ್ಲಿ ಇಳಿಸಬಹುದು. ಅವುಗಳಲ್ಲಿ ಅತಿ ಅಗ್ಗದ್ದು ಯಾವುದು ಎಂದು ಮರದ ಆಕಾರದ ಚಿತ್ರಗಳನ್ನು ಹೊಂದಿಸುತ್ತ ಖಚಿತವಾಗಿ ಹುಡುಕುವುದು ಅವರ ಸಂಶೋಧನೆಯ ಒಂದು ಮುಖ್ಯ ಎಳೆ. ನಮ್ಮ ಊರಿನಲ್ಲಿ ಕಾಗದದ ಮೇಲೆ ಚೌಕ ಗೀಚಿ ಡಿಸೈನ್ ಬರೆಯುವವರು ಬೇರೆ, ಅದನ್ನು ನೋಡಿ ರಟ್ಟಿಗೆ ತೂತು ಹೊಡೆಯುವವರು ಬೇರೆ. ಈ ಎರಡನೆಯವರ ಕೈ ಚೆನ್ನಾಗಿದ್ದರೆ ಅದೇ ನವಿಲು ತಪ್ಪಿಲ್ಲದೆ ಮಗ್ಗಕ್ಕೆ ಇಳಿಯುತ್ತದೆ. ಕಂಪೈಲರ್ ಏನೆಂದು ಅಪ್ಪನಿಗೆ ಹೇಳಬೇಕಾಗಿ ಬಂದಾಗ ನಾನು ಹೇಳಿದ್ದು ಇಷ್ಟೇ, ಅವರಿಗೆ ತಕ್ಷಣ ತಿಳಿಯಿತು. ಪ್ರೀತಿ ಶಂಕರ್ 2011ರಲ್ಲಿ ತೀರಿಕೊಂಡರು. ವೈ.ಎನ್. ಶ್ರೀಕಾಂತ್ ಅವರ ಜೊತೆ ಅವರು ಸಂಪಾದಿಸಿದ ಕಂಪೈಲರ್ ಕೈಪಿಡಿ ಇವತ್ತಿಗೂ ಆ ಕ್ಷೇತ್ರದವರ ಮೇಜಿನ ಮೇಲೆ ಇರುತ್ತದೆ. ಮುಂದೆ ಉದಯ್ ಬೊಂಡುಗುಲ ಮತ್ತು ಅವರ ವಿದ್ಯಾರ್ಥಿಗಳು ಇದೇ ವಿಭಾಗದಿಂದ 2015ರಲ್ಲಿ ಹೊರತಂದ ಪಾಲಿಮೇಜ್ ಚಿತ್ರ ಸಂಸ್ಕರಣೆಯ ಪ್ರೋಗ್ರಾಮುಗಳನ್ನು ಬಹುಕೋರ್ ಯಂತ್ರಗಳಿಗೆ ತಾನೇ ಹೊಂದಿಸಿಕೊಡುವ ಕಂಪೈಲರ್. ಹಿಂದಿನವರು ಹದಗೊಳಿಸಿದ ಹೊಲದಲ್ಲಿ ಎದ್ದ ಬೆಳೆ ಅದು.

ಎಂಬತ್ತು ತೊಂಬತ್ತರ ದಶಕಗಳನ್ನು ನಾನು ಬೇಗ ದಾಟುತ್ತೇನೆ, ಅವನ್ನು ನನಗಿಂತ ಚೆನ್ನಾಗಿ ಬರೆಯುವ ಹಿರಿಯರಿದ್ದಾರೆ. ಎರಡು ಮಾತು ಮಾತ್ರ. 1986ರಲ್ಲಿ ಆರಂಭವಾದ ಅರ್ನೆಟ್ ಜಾಲದಲ್ಲಿ ಐಐಟಿಗಳ ಜೊತೆ ನಮ್ಮ ಸಂಸ್ಥೆಯೂ ಒಂದು ಕೊಂಡಿಯಾಗಿತ್ತು. ದೇಶದಲ್ಲಿ ಇಂಟರ್ನೆಟ್ ಮನೆಮಾತಾಗುವ ಮುಂಚೆಯೇ ಇಲ್ಲಿಯ ವಿದ್ಯಾರ್ಥಿಗಳು ಇಮೇಲ್ ಕಂಡಿದ್ದರು. ಇನ್ನೊಂದು, ವಿಭಾಗದ ಎಂ. ನರಸಿಂಹ ಮೂರ್ತಿಯವರು ಅನಿಲ್ ಜೈನ್ ಮತ್ತು ಪ್ಯಾಟ್ರಿಕ್ ಫ್ಲಿನ್ ಅವರೊಂದಿಗೆ 1999ರಲ್ಲಿ ಬರೆದ, ದತ್ತಾಂಶವನ್ನು ಗುಂಪುಗೂಡಿಸುವ ವಿಧಾನಗಳ ಸಮೀಕ್ಷೆ. ಪ್ರಪಂಚದ ಯಾವ ಮೂಲೆಯಲ್ಲಿ ಮಷೀನ್ ಲರ್ನಿಂಗ್ ಕಲಿಯುವವರೂ ಒಂದಲ್ಲ ಒಂದು ದಿನ ಆ ಪ್ರಬಂಧವನ್ನು ತಿರುವಿಹಾಕಿರುತ್ತಾರೆ.

ನಾನಿದ್ದ ಕಾಲದ ದೊಡ್ಡ ಸಂಗತಿ ಸಿಂಪ್ಯೂಟರ್. 1998ರ ಅಕ್ಟೋಬರಿನಲ್ಲಿ ಬೆಂಗಳೂರು ಐಟಿ ಮೇಳದ ಜೊತೆಗೆ, ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗಿರಬೇಕು ಎಂಬ ಅಂತರರಾಷ್ಟ್ರೀಯ ವಿಚಾರ ಸಂಕಿರಣವೊಂದು ನಡೆಯಿತು. ಆ ಚರ್ಚೆಯಿಂದ ಎದ್ದ ಯೋಚನೆಯನ್ನು ಹಿಡಿದು ಕೂತವರು ಇದೇ ವಿಭಾಗದ ನಾಲ್ವರು ಅಧ್ಯಾಪಕರು: ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್. ಜೊತೆಗೆ ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳು. ಕಂಪ್ಯೂಟರ್ ಕೊಳ್ಳುವ ಶಕ್ತಿ ಇಲ್ಲದ, ಇಂಗ್ಲಿಷ್ ಬಾರದ, ಓದು ಬರಹವೇ ಗೊತ್ತಿಲ್ಲದ ಮನುಷ್ಯ ಅದನ್ನು ಹೇಗೆ ಬಳಸಿಯಾನು ಎಂದು ಅವರು ಕೇಳಿಕೊಂಡರು. ಅಂಗೈಯಗಲದ ಯಂತ್ರ, ಬೆರಳಿನಿಂದಲೋ ಕಡ್ಡಿಯಿಂದಲೋ ಮುಟ್ಟಿದರೆ ಕೇಳುವ ಪರದೆ, ಒಳಗೆ ಲಿನಕ್ಸ್. ಊರಿಗೆ ಒಂದು ಯಂತ್ರ ಇದ್ದರೆ ಸಾಕು, ಪ್ರತಿಯೊಬ್ಬರ ಬಳಿ ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಇರುತ್ತದೆ, ಕಾರ್ಡು ಸಿಕ್ಕಿಸಿದ ಹೊತ್ತು ಅದು ಆ ಮನುಷ್ಯನ ಕಂಪ್ಯೂಟರ್. ವಿನ್ಯಾಸವನ್ನು ಅವರು ಗುಟ್ಟು ಮಾಡಲಿಲ್ಲ, ಟ್ರಸ್ಟ್ ಮಾಡಿ ಹಾರ್ಡ್‌ವೇರಿಗೂ ಮುಕ್ತ ಪರವಾನಗಿ ಬರೆದರು. 2001ರ ಏಪ್ರಿಲ್ 25ರಂದು ಮೊದಲ ಮಾದರಿ ಹೊರಬಂತು. ಆ ವರ್ಷದ ಕೊನೆಗೆ ಲೇಖಕ ಬ್ರೂಸ್ ಸ್ಟರ್ಲಿಂಗ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಅದನ್ನು ವರ್ಷದ ಕಂಪ್ಯೂಟರ್ ಆವಿಷ್ಕಾರಗಳ ಸಾಲಿನಲ್ಲಿ ಮುಂದಿಟ್ಟು ಬರೆದರು.

ನನಗೆ ಅದರಲ್ಲಿ ಎಲ್ಲಕ್ಕಿಂತ ಹತ್ತಿರವಾದದ್ದು ಧ್ವನಿ. ಸಿಂಪ್ಯೂಟರಿಗಾಗಿ ರಮೇಶ್ ಹರಿಹರನ್ ಬರೆದ, ಬರಹವನ್ನು ಓದಿ ಹೇಳುವ ತಂತ್ರಾಂಶದ ಹೆಸರೇ ಧ್ವನಿ. ಅಕ್ಷರಗಳನ್ನು ಉಚ್ಚಾರದ ತುಣುಕುಗಳಾಗಿ ಒಡೆದು, ಮೊದಲೇ ಧ್ವನಿಮುದ್ರಿಸಿಟ್ಟ ತುಣುಕುಗಳನ್ನು ಒಂದಕ್ಕೊಂದು ಪೋಣಿಸಿ ಅದು ಮಾತಾಡುತ್ತಿತ್ತು. ಬರೆದ ಹಾಗೆ ಓದುವ ನಮ್ಮ ಲಿಪಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಹಿಂದಿಯ ಜೊತೆ ಅದು ಮೊದಮೊದಲು ಕಲಿತ ಭಾಷೆ ಕನ್ನಡ. ಕೊಂಚ ಯಂತ್ರದ ದನಿ, ತುಣುಕಿನ ಬೆಸುಗೆ ಕಿವಿಗೆ ತಿಳಿಯುತ್ತದೆ, ಆದರೆ ಮಾತು ಅರ್ಥವಾಗುತ್ತದೆ. ಅಂಗೈಯಲ್ಲಿನ ಪೆಟ್ಟಿಗೆಯೊಂದು ಕನ್ನಡದಲ್ಲಿ ಮಾತಾಡಿದ್ದನ್ನು ಮೊದಲ ಸಲ ಕೇಳಿದಾಗ ನನಗೆ ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮಜ್ಜಿ ನೆನಪಾದಳು.

ಅದೇ ಹೊತ್ತಿಗೆ ಹೊರಗೆ ಇನ್ನೊಂದು ಬದಲಾವಣೆ ನಡೆಯುತ್ತಿತ್ತು. ಒಂದು ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುತ್ತಿದ್ದ ರೈತರಿಗೆ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ರೈತರ ಎರಡು ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರತೊಡಗಿತು. ರಾಜ್ಯ ಸರ್ಕಾರ ಜಮೀನು ದಾಖಲೆಯ ಕೆಲಸಕ್ಕೆ ಸಿಂಪ್ಯೂಟರುಗಳನ್ನೂ ಬಳಸಿತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಜಮೀನಿನ ಬೆಲೆ ಗಗನಕ್ಕೆ ಏರುತ್ತಿದ್ದ ವರ್ಷಗಳು ಅವು. ದಾಖಲೆಯ ಒಂದು ಸಾಲಿನ ಮೇಲೆ ಒಂದು ಸಂಸಾರದ ಬಾಳು ನಿಲ್ಲುತ್ತಿತ್ತು. ಲ್ಯಾಬಿನಲ್ಲಿ ನಾವು ಡೇಟಾಬೇಸ್ ಎಂದು ಕರೆಯುತ್ತಿದ್ದದ್ದು ಊರಿನಲ್ಲಿ ಏನಾಗಿರುತ್ತದೆ ಎಂದು ನಾನು ಕಲಿತದ್ದು ಆಗ.

2004ರ ಮಾರ್ಚಿನಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಸ್ಕೂಲ್ ಆಫ್ ಆಟೊಮೇಷನ್ ಹುಟ್ಟಿದ ಕಾಲದ ಕಾರ್ಖಾನೆಯೇ, ಮೂರೂವರೆ ದಶಕದ ಮೇಲೆ ಅದರ ಕೂಸಿಗೆ ರೂಪ ಕೊಟ್ಟಿತು. ಯಂತ್ರವನ್ನು ವಾಲಿಸಿದರೆ ಪುಟ ತಿರುಗುವ ಚಲನೆಯ ಸಂವೇದಕ ಅದರಲ್ಲಿತ್ತು, ಐಫೋನ್ ಬರುವುದಕ್ಕೆ ಮೂರು ವರ್ಷ ಮುಂಚೆ. ನಿರೀಕ್ಷಿಸಿದಷ್ಟು ಅದು ಮಾರಾಟವಾಗಲಿಲ್ಲ. ಪತ್ರಿಕೆಗಳು ಸೋಲು ಎಂದು ಬರೆದವು. ನಾನು ಹಾಗೆ ಬರೆಯಲಾರೆ. ಇವತ್ತು ಹಳ್ಳಿಯ ಅಜ್ಜಿಯೂ ಗಾಜನ್ನು ಬೆರಳಿನಲ್ಲಿ ಸವರುತ್ತಾಳೆ, ಫೋನ್ ಅವಳಿಗೆ ಕನ್ನಡದಲ್ಲಿ ಓದಿ ಹೇಳುತ್ತದೆ. ಹೀಗೆ ಆಗಬೇಕು, ಆಗಬಹುದು ಎಂದು ಆ ನಾಲ್ವರು ಮೊದಲೇ ಮಾಡಿ ತೋರಿಸಿದ್ದರು. 1974ರಲ್ಲಿ ಇದೇ ಆವರಣದಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ ಅಸ್ತ್ರ ಕೇಂದ್ರವನ್ನು ಆರಂಭಿಸಿದ್ದರು, ಅದರಿಂದ ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಬಂದಿತ್ತು. ಸಿಂಪ್ಯೂಟರ್ ನನ್ನ ಲೆಕ್ಕದಲ್ಲಿ ಅದೇ ಒಲೆಯ ತಂಗಿ. ಅದೇ ನಾಲ್ವರು 2000ದಲ್ಲಿ ಕಟ್ಟಿದ ಸ್ಟ್ರಾಂಡ್ ಸಂಸ್ಥೆ ಜೀನುಗಳ ವಿಶ್ಲೇಷಣೆಯಲ್ಲಿ ಹೆಸರು ಮಾಡಿತು. ಅಧ್ಯಾಪಕರೇ ಸಂಶೋಧನೆಯನ್ನು ಹೊತ್ತು ಹೊರಗೆ ಹೋಗಿ ಉದ್ಯಮ ಕಟ್ಟುವ ದಾರಿ ಇಲ್ಲಿ ಅಲ್ಲಿಂದ ಸಲೀಸಾಯಿತು.

ಸಂಸ್ಥೆ ವರ್ಷಕ್ಕೊಮ್ಮೆ ಓಪನ್ ಡೇ ನಡೆಸುತ್ತದೆ, ಆ ದಿನ ಗೇಟು ಎಲ್ಲರಿಗೂ ತೆರೆದಿರುತ್ತದೆ. ಒಂದು ವರ್ಷ ಅಪ್ಪನನ್ನು ಕರೆತಂದೆ. ದೊಡ್ಡಬಳ್ಳಾಪುರದಿಂದ ರಾಜಾನುಕುಂಟೆ, ಯಲಹಂಕದ ಮೇಲೆ ರೈಲಿನಲ್ಲಿ ಯಶವಂತಪುರ, ಅಲ್ಲಿಂದ ಆಟೋ. ರಸ್ತೆಗಳಿಗೆಲ್ಲ ಮರಗಳ ಹೆಸರು ಇಟ್ಟಿರುವುದನ್ನು ಅವರು ನಿಂತು ನಿಂತು ಓದಿದರು. ವಿಭಾಗದಲ್ಲಿ ಜಯಂತ್ ಹರಿತ್ಸ ಅವರ ಡೇಟಾಬೇಸ್ ಲ್ಯಾಬಿನ ಪಿಕಾಸೋ ಎಂಬ ತಂತ್ರಾಂಶ ಬಿಡಿಸಿದ ಚಿತ್ರಗಳ ಮುಂದೆ ಅವರು ನಿಂತವರು ಜಗ್ಗಲೇ ಇಲ್ಲ. ಕೆಂಪು, ನೀಲಿ, ಹಳದಿ, ಹಸಿರು ತುಂಡುಗಳು ಒಂದನ್ನೊಂದು ಒತ್ತಿಕೊಂಡ, ಸಣ್ಣ ಸಣ್ಣ ಚುಕ್ಕೆಗಳು ನಡುವೆ ನುಸುಳಿದ ಚೌಕ.

"ಇದು ಯಾವ ಡಿಸೈನ್ನೋ?" ಅಂದರು ಅಪ್ಪ.

ನಾನು ಹೇಳಿದೆ. ಇಡೀ ತಾಲ್ಲೂಕಿನ ಪಹಣಿಗಳನ್ನು ಮುಂದಿಟ್ಟು, ಎರಡು ಎಕರೆಗಿಂತ ಕಡಿಮೆ ಜಮೀನಿನಲ್ಲಿ ರಾಗಿ ಇಟ್ಟವರು ಯಾರು ಎಂದು ಯಂತ್ರವನ್ನು ಕೇಳುತ್ತೇವೆ ಅಂದುಕೊಳ್ಳಿ. ಮೊದಲು ರಾಗಿಯವರನ್ನು ಆರಿಸಿ ಆಮೇಲೆ ಜಮೀನು ನೋಡಬೇಕೋ, ಮೊದಲು ಚಿಕ್ಕ ಹಿಡುವಳಿ ಆರಿಸಿ ಆಮೇಲೆ ಬೆಳೆ ನೋಡಬೇಕೋ ಎಂದು ಯಂತ್ರ ಹುಡುಕುವ ಮುಂಚೆಯೇ ತೀರ್ಮಾನ ಮಾಡಬೇಕು. ರಾಗಿಯವರು ಎಷ್ಟು ಜನ ಎಂಬ ಅಂದಾಜಿನ ಮೇಲೆ ಆ ತೀರ್ಮಾನ ನಿಲ್ಲುತ್ತದೆ. ಅಂದಾಜು ಬದಲಾದ ಹಾಗೆ ಯಂತ್ರ ಯಾವ ದಾರಿ ಹಿಡಿಯುತ್ತದೆ ಎಂದು ಒಂದೊಂದು ದಾರಿಗೆ ಒಂದೊಂದು ಬಣ್ಣ ಬಳಿದರೆ ಬರುವ ಚಿತ್ರ ಇದು. 2005ರಲ್ಲಿ ಹರಿತ್ಸ ಮತ್ತು ಅವರ ವಿದ್ಯಾರ್ಥಿ ನವೀನ್ ರೆಡ್ಡಿ ಈ ಚಿತ್ರಗಳನ್ನು ಪ್ರಕಟಿಸಿದಾಗ, ದೊಡ್ಡ ದೊಡ್ಡ ಡೇಟಾಬೇಸುಗಳ ತೀರ್ಮಾನ ಇಷ್ಟು ಚೂರುಚೂರಾಗಿರುತ್ತದೆ ಎಂಬುದು ಅವನ್ನು ಕಟ್ಟಿದವರಿಗೇ ಹೊಸದು.

"ಅಂದಾಜು ತಪ್ಪಿದ್ರೆ?" ಅಂದರು ಅಪ್ಪ.

ತಪ್ಪಿದರೆ ನಿಮಿಷದ ಕೆಲಸ ಗಂಟೆಗಟ್ಟಲೆ ಎಳೆಯುತ್ತದೆ. ನೂಲಿನ ಸಾಲಕ್ಕೆ ಅಂದಾಜು ಮಾಡಿ ಸುಟ್ಟುಕೊಂಡವರಿಗೆ ಹೊಳೆಯುವ ಪ್ರಶ್ನೆ ಅದು. ಅದಕ್ಕೆ ಲ್ಯಾಬು ಕೊಟ್ಟ ಉತ್ತರ ಆಮೇಲೆ ಬಂತು, 2014ರಲ್ಲಿ, ಅನ್ಶುಮನ್ ದತ್ ಅವರ ಜೊತೆ ಹರಿತ್ಸ ಬರೆದ ಪ್ಲಾನ್ ಬೊಕೆ ವಿಧಾನವಾಗಿ. ಅಂದಾಜನ್ನೇ ಬಿಟ್ಟುಬಿಡು ಎನ್ನುತ್ತದೆ ಅದು. ಕೆಲವೇ ಒಳ್ಳೆಯ ದಾರಿಗಳ ಗುಚ್ಛ ಮಾಡಿಟ್ಟುಕೊ. ಮೊದಲನೆಯದಕ್ಕೆ ಒಂದು ನಿಮಿಷ ಕೊಡು, ಮುಗಿಯದಿದ್ದರೆ ನಿಲ್ಲಿಸಿ ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು, ಎಂಟು, ಹದಿನಾರು. ಎಲ್ಲ ಗೊತ್ತಿದ್ದವನು ಒಂಬತ್ತು ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ನಿನಗೆ ಹೆಚ್ಚೆಂದರೆ 31 ನಿಮಿಷ ಹಿಡಿಯುತ್ತದೆ. ಗೊತ್ತಿಲ್ಲದ ಸಂಗತಿ ಒಂದೇ ಆಗಿದ್ದರೆ, ಎಂಥ ಕೆಟ್ಟ ಗಳಿಗೆಯಲ್ಲೂ ನಾಲ್ಕು ಪಟ್ಟು ದಾಟುವುದಿಲ್ಲ ಎಂದು ಗಣಿತ ಮಾತು ಕೊಡುತ್ತದೆ. ಕಾಲು ಜಾರಿದರೆ ಎಷ್ಟು ಆಳಕ್ಕೆ ಬೀಳುತ್ತೇನೆ ಎಂದು ಮೊದಲೇ ಗೊತ್ತಿರುವುದು ಸಣ್ಣ ಸಮಾಧಾನವಲ್ಲ. ಆ ವರ್ಷವೇ ಹರಿತ್ಸ ಅವರಿಗೆ ಇನ್ಫೋಸಿಸ್ ಪ್ರಶಸ್ತಿ ಬಂತು.

ಈಗ ನೀವು ಬಂದರೆ ಕಾಣುವ ಇನ್ನೊಂದು ಕೆಲಸವನ್ನು ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. ಮೂವರು ಮಗ್ಗದ ಮಾಲೀಕರು ಒಂದು ಸೀರೆಗೆ ತಾವು ಕೊಡುವ ಕೂಲಿಯ ಸರಾಸರಿ ತಿಳಿಯಬೇಕು ಅಂದುಕೊಂಡರು, ಆದರೆ ತನ್ನ ಅಂಕಿ ಹೇಳಲು ಒಬ್ಬನಿಗೂ ಮನಸ್ಸಿಲ್ಲ. 500 ಕೊಡುವವನು ಅದನ್ನು ಮನಬಂದಂತೆ ಮೂರು ಚೂರು ಮಾಡುತ್ತಾನೆ: 200, 450, ಋಣ 150. ಒಂದನ್ನು ತಾನಿಟ್ಟುಕೊಂಡು ಉಳಿದೆರಡನ್ನು ಇಬ್ಬರಿಗೆ ಗುಟ್ಟಾಗಿ ಕೊಡುತ್ತಾನೆ. ಎಲ್ಲರೂ ಹೀಗೇ ಮಾಡಿ, ತಮ್ಮ ಕೈಯಲ್ಲಿರುವ ಮೂರು ಚೂರುಗಳ ಮೊತ್ತವನ್ನಷ್ಟೇ ಹೊರಗೆ ಹೇಳಿದರೆ, ಮೂರು ಮೊತ್ತ ಕೂಡಿಸಿದಾಗ ನಿಜವಾದ ಒಟ್ಟು ಸಿಗುತ್ತದೆ. ಸರಾಸರಿ ಎಲ್ಲರಿಗೂ ತಿಳಿಯಿತು, ಯಾರ ಗುಟ್ಟೂ ನೇರವಾಗಿ ಹೊರಬೀಳಲಿಲ್ಲ. ಇದರಲ್ಲಿ ಒಬ್ಬ ಸುಳ್ಳು ಚೂರು ಕೊಟ್ಟರೇನು, ನಡುವೆ ಎದ್ದು ಹೋದರೇನು, ಇದನ್ನೇ ಆಸ್ಪತ್ರೆಗಳ ಅಥವಾ ಬ್ಯಾಂಕುಗಳ ಗಾತ್ರದ ಲೆಕ್ಕಕ್ಕೆ ವೇಗವಾಗಿ ಮಾಡುವುದು ಹೇಗೆ ಎಂಬುದು ಅರ್ಪಿತಾ ಪಾತ್ರ ಅವರ ತಂಡದ ಸಂಶೋಧನೆ.

ಉಳಿದವನ್ನು ಓಡುತ್ತ ಹೇಳುತ್ತೇನೆ, ಒಂದೊಂದಕ್ಕೂ ಒಂದೊಂದು ಮಧ್ಯಾಹ್ನ ಬೇಕು. ಶಲಭ್ ಭಟ್ನಾಗರ್ ಅವರ ತಂಡ ತಪ್ಪುತ್ತ ಕಲಿಯುವ ಯಂತ್ರಗಳಿಗೆ ಟ್ರಾಫಿಕ್ ಸಿಗ್ನಲ್ ನಡೆಸಲು ಕಲಿಸಿದೆ. ದೀಪಕ್ ಡಿಸೋಜ ಅವರ ಕಡೆ ಪ್ರೋಗ್ರಾಮು ಸರಿಯಾಗಿದೆ ಎಂದು ಗಣಿತದಲ್ಲಿ ಸಾಧಿಸುವ ಕೆಲಸ. ಸುನಿಲ್ ಚಂದ್ರನ್, ಚಂದನ್ ಸಾಹಾ ಅವರ ಬೋರ್ಡಿನ ಮುಂದೆ ಕೂತರೆ ಯಂತ್ರವೇ ಇಲ್ಲ, ಬರೀ ಸೀಮೆಸುಣ್ಣ ಮತ್ತು ಯೋಚನೆ. ಕಾರ್ಖಾನೆಯ ಪೆಟ್ರಿ ನೆಟ್ಟಿನಿಂದ ಹೊರಟ ನರಹರಿಯವರು ಗೇಮ್ ಥಿಯರಿಗೆ ಬಂದು, ಅಲ್ಲಿಂದ ಹೊಲಕ್ಕೆ ಬಂದಿದ್ದಾರೆ. ಬೆಳೆಯ ಬೆಲೆ ಮುಂದೆ ಎತ್ತ ಹೋಗಬಹುದು, ಸಣ್ಣ ರೈತರು ಗುಂಪಾಗಿ ಬೀಜ ಗೊಬ್ಬರ ಕೊಂಡರೆ ಹರಾಜನ್ನು ಹೇಗೆ ಹೂಡಬೇಕು ಎಂಬುದು ಅವರ ತಂಡದ ಈಚಿನ ಕಾಳಜಿ. ಟೊಮೆಟೊ ಕೊಯ್ದ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದದ್ದನ್ನು ಹೊಸಕೋಟೆಯ ಕಡೆ ಕಣ್ಣಾರೆ ಕಂಡವನು ನಾನು. ಆ ಲ್ಯಾಬಿನ ಬಾಗಿಲಿಗೆ ಬಂದಾಗ ನನಗೆ ಸುಮ್ಮನೆ ದಾಟಿ ಹೋಗಲು ಆಗುವುದಿಲ್ಲ.

2019ರಲ್ಲಿ ವಿಭಾಗಕ್ಕೆ ಐವತ್ತು ತುಂಬಿತು. ಅಂಥ ನೆಪದಲ್ಲಿ ಸೇರಿದಾಗಲೆಲ್ಲ ನಾವು ಹಳಬರು ಮಾಡುವುದು ಗೊತ್ತೇ ಇದೆ. ಹಳೆಯ ಮೆಸ್ಸಿನ ಮಾತು, ಗುಂಪು ಫೋಟೋ, ಮಕ್ಕಳ ಸುದ್ದಿ. ಅದೂ ಬೇಕು. ಆದರೆ ಇಲ್ಲಿಂದ ಹೋದ ನಾವು ಇಪ್ಪತ್ತು ಮೂವತ್ತು ವರ್ಷ ಹೊರಗೆ ಯಂತ್ರ ಕೆಟ್ಟದ್ದನ್ನು, ಲೆಕ್ಕ ತಪ್ಪಿದ್ದನ್ನು, ಜನ ಬಳಸದೆ ಬಿಟ್ಟದ್ದನ್ನು ಕಂಡಿದ್ದೇವೆ. ಇಲ್ಲಿಯ ಹುಡುಗ ಹುಡುಗಿಯರಿಗೆ ಇನ್ನೂ ಕಾಣದ ಪ್ರಶ್ನೆಗಳು ನಮ್ಮ ಜೇಬಿನಲ್ಲಿವೆ. ಮೊದಲ ಮಹಡಿಯ 254ನೇ ಕೋಣೆಯ ಸೆಮಿನಾರಿಗೆ ಯಾರು ಬೇಕಾದರೂ ಹೋಗಿ ಹಿಂದಿನ ಸಾಲಿನಲ್ಲಿ ಕೂರಬಹುದು. ಅರ್ಥವಾಗದ ಪ್ರಮೇಯದ ನಡುವೆಯೂ ಕೈ ಎತ್ತಿ, ಇದು ನಾನು ಕಂಡ ಇಂಥ ಸಂದರ್ಭಕ್ಕೆ ಆಗುತ್ತದೆಯೇ ಎಂದು ಕೇಳಿ. ವಿಭಾಗಕ್ಕೆ ನಾವು ಕೊಡಬಹುದಾದ ದೇಣಿಗೆಗಳಲ್ಲಿ ಅದನ್ನು ನಾನು ದೊಡ್ಡದೆಂದು ತಿಳಿದಿದ್ದೇನೆ.

ನಾನು ಈ ಸಲ ಒಯ್ಯುತ್ತಿರುವ ಪ್ರಶ್ನೆ ಇದು. ನಮ್ಮ ಮನೆಯ ಮಗ್ಗಗಳ ಮೇಲಿಂದ ರಟ್ಟು ಇಳಿದು ವರ್ಷಗಳಾದವು. ಈಗ ಎಲೆಕ್ಟ್ರಾನಿಕ್ ಜಕಾರ್ಡ್, ಡಿಸೈನ್ ಬರುವುದು ಪೆನ್ ಡ್ರೈವಿನಲ್ಲಿ. ಕರೆಂಟು ಹಠಾತ್ತನೆ ಹೋದಾಗ ಜಕಾರ್ಡಿನ ಪೆಟ್ಟಿಗೆ ತಾನು ನಿಂತ ಸಾಲನ್ನು ನೆನಪಿಟ್ಟುಕೊಳ್ಳುತ್ತದೆ. ಮಗ್ಗ ಮಾತ್ರ ಓಡಿದ ಭರಕ್ಕೆ ಇನ್ನೊಂದೆರಡು ಸುತ್ತು ತಿರುಗಿ ನಿಲ್ಲುತ್ತದೆ. ಕರೆಂಟು ಬಂದಮೇಲೆ ಪೆಟ್ಟಿಗೆಯ ಲೆಕ್ಕವೇ ಬೇರೆ, ಬಟ್ಟೆಯ ಲೆಕ್ಕವೇ ಬೇರೆ. ಹಾಗೇ ನೇಯ್ದರೆ ಅಡ್ಡಕ್ಕೆ ಒಂದು ಗೆರೆ ಬೀಳುತ್ತದೆ, ಸೀರೆ ಸೆಕೆಂಡ್ಸಿಗೆ ಹೋಗುತ್ತದೆ. ಡೇಟಾಬೇಸ್ ನಡುವೆ ಕುಸಿದರೆ ಎಲ್ಲಿಗೆ ನಿಂತಿತ್ತು ಎಂದು ದಿನಚರಿ ಓದಿ ಹಿಂದಿನ ಸ್ಥಿತಿಗೆ ತರುವ ವಿದ್ಯೆಯನ್ನು ನಾನು ಇದೇ ವಿಭಾಗದಲ್ಲಿ ಕಲಿತೆ. ಅಲ್ಲಿ ದಾಖಲೆ ಬರೆದ ಮೇಲೆ ಕೆಲಸ. ಇಲ್ಲಿ ದಾಖಲೆ ನಿಂತ ಮೇಲೂ ಎರಡು ಹೊಕ್ಕಿನ ಕೆಲಸ ನಡೆದುಬಿಟ್ಟಿದೆ, ಅದನ್ನು ಬಟ್ಟೆಯಲ್ಲದೆ ಯಾರೂ ಬರೆದಿಟ್ಟಿಲ್ಲ.

ಎಂಬತ್ತರ ಹತ್ತಿರದ ಅಪ್ಪ ಇದನ್ನು ಈಗಲೂ ಬೆರಳಿನಲ್ಲಿ ಮಾಡುತ್ತಾರೆ. ಬಲ್ಬನ್ನು ಬಟ್ಟೆಯ ಅಡಿಗೆ ಹಿಡಿಯಲು ನನಗೆ ಹೇಳಿ, ಕನ್ನಡಕ ಹಣೆಗೆ ಏರಿಸಿ, ಉಗುರಿನ ತುದಿಯಿಂದ ಹೊಕ್ಕುಗಳನ್ನು ಒಂದೊಂದಾಗಿ ಹಿಂದಕ್ಕೆ ಎಣಿಸುತ್ತಾರೆ. ಹೆಚ್ಚಾದ ಎಳೆಯನ್ನು ಸೂಜಿಯಿಂದ ಎತ್ತಿ, ಅಂಚಿನಿಂದ ಅಂಚಿಗೆ ಮೆಲ್ಲಗೆ ಎಳೆದು ತೆಗೆಯುತ್ತಾರೆ. ಮೊನ್ನೆ ಹಾಗೆ ತೆಗೆದ ಎರಡು ಎಳೆ ರೇಷ್ಮೆಯನ್ನು ಕಾಗದದಲ್ಲಿ ಮಡಚಿ ನನ್ನ ಕೈಗೆ ಕೊಟ್ಟು, "ನಿಮ್ ಮೇಷ್ಟ್ರುಗಳಿಗೆ ತೋರ್ಸು" ಅಂದರು. ಅದು ಈಗ ನನ್ನ ಚೀಲದಲ್ಲಿದೆ.